ಹನ್ನೊಂದು ಸೆಕೆಂಡು

ಬನಹಟ್ಟಿ. ಸೋಮವಾರ ಪೇಟೆಯ ಹಿಂದಿನ ಓಣಿ.
ಪಾವರ್‌ಲೂಮು ನಿಂತರೆ ನಮಗಿಲ್ಲಿ ಎಚ್ಚರವಾಗುತ್ತದೆ,
ಸಪ್ಪಳ ಅಷ್ಟು ರೂಢಿ.
ಅದರ ನಡುವೆ ಕೂತು
ಕರಿಯ ಕಿಟಕಿಯೊಂದನ್ನು ರೆಕಾರ್ಡು ಮಾಡುತ್ತಿದ್ದೇನೆ:
ಎಂಬತ್ತು ಅಂಕಣ ಅಗಲ, ಇಪ್ಪತ್ನಾಕು ಸಾಲು ಎತ್ತರ.

ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ತರುವ
ಸಣ್ಣ ತಂತ್ರಾಂಶ ಬರೆದೆ.
ಮೂರು ಪುಟ ವಿವರಣೆಯನ್ನೂ ಬರೆದೆ, ಯಾರೂ ಓದಲಿಲ್ಲ.
ಓದಿದವನೊಬ್ಬ ಅಂದ:
ನಡೀತದೋ ಇಲ್ಲೋ, ಅಷ್ಟ ತೋರಸು.

ಮೊದಲ ಸಲ ಆಜ್ಞೆಯನ್ನೇ ತಪ್ಪು ಹೊಡೆದೆ.
ಎರಡನೆಯ ಸಲ ಕರೆಂಟು.
ಮೂರನೆಯ ಸಲ ಬೆರಳು ಸರಿಯಾಗಿ ಓಡಿದವು, ಆದರೆ
ಎಂಥ ಅವಸರವೆಂದರೆ
ಕಳ್ಳ ಗೋಡೆ ಹಾರಿದಂತೆ, ಕಂಡದ್ದು ಹಿಮ್ಮಡಿ ಮಾತ್ರ.

ಆಮೇಲೆ ಕಲಿತೆ. ಎಂಟರ್ ಒತ್ತುವ ಮುಂಚೆ ಒಂದು ಉಸಿರು ತಡೆ.
ಉತ್ತರ ಬಂದ ಮೇಲೆ ಸುಮ್ಮನಿರು,
ನೋಡುವವರ ಕಣ್ಣು ಉಂಡು ಏಳಲಿ.
ನಾನು ಯೋಚಿಸುತ್ತ ಕೂತ ಹೊತ್ತನ್ನು ಕತ್ತರಿಸುವ ಸೌಲಭ್ಯವಿದೆ:
ನನ್ನ ಚಹಾ, ಆಕಳಿಕೆ, ಅವ್ವ ಎರಡು ಸಲ ಕರೆದದ್ದು
ಎಲ್ಲ ಒಂದೂವರೆ ಸೆಕೆಂಡಾಗಿ ಮಡಚಿಕೊಂಡವು.

ಮಾದರಿಗೊಂದು ಕಡತ ಬೇಕಿತ್ತು.
ಕಾಡಸಿದ್ಧೇಶ್ವರ ಗ್ರಾಫಿಕ್ಸಿನ ಹಳೆಯ ಡಿಸ್ಕಿನಲ್ಲಿ
ಸಿಕ್ಕಿತು ಒಂದು ಲಗ್ನಪತ್ರಿಕೆ, ಎರಡು ಸಾವಿರದ ಮೂರರದು.
²æÃ ಎಂದು ಶುರುವಾಗುತ್ತದೆ.
ಅದು ಶ್ರೀಕಾರವೆಂದು ಗೊತ್ತಿರುವುದು
ಆ ಕಾಲದ ಡಿಟಿಪಿಯವರಿಗೆ, ದೇವರಿಗೆ.
ಎಂಟರ್ ಒತ್ತಿದರೆ ಕಸದೊಳಗಿಂದ ಕನ್ನಡ ಏಳುತ್ತದೆ:
ಚಿ. ಕುಂ. ಸೌ. ದ್ರಾಕ್ಷಾಯಣಿ
ಚಿ. ರಾ. ಮಹಾರುದ್ರ

ಟರ್ಮಿನಲ್ಲಿಗೆ ಒತ್ತಕ್ಷರ ತಿಳಿಯದು.
ಅಕ್ಷರಕ್ಕೊಂದು ಮನೆ, ಅದರ ನ್ಯಾಯ ಅಷ್ಟೇ.
ಕ ತನ್ನ ಮನೆಯಲ್ಲಿ, ಷ ಪಕ್ಕದವರ ಕಟ್ಟೆಯ ಮೇಲೆ,
ದ್ರಾ ಎಂಬುದು ಬಾಗಿಲಲ್ಲೇ ಎರಡಾಗಿ.
ಫಾಂಟು ಬದಲಿಸಿದೆ, ಕಿಟಕಿ ಬದಲಿಸಿದೆ,
ಎರಡು ರಾತ್ರಿ ಹಿಡಿಯಿತು ಒಂದು ಹೆಸರು ಕೂಡಲು.

ಅಂಗಡಿಯ ಗಿರಿಮಲ್ಲಪ್ಪ ನೋಡಿ ಅಂದರು:
ಆಕಿ ಹೆಸರು ಹಾಕಬ್ಯಾಡ. ಅದು ಆಗದ ಲಗ್ನ.
ಐನೂರು ಪತ್ರಿಕೆ ಹಂಗ ಉಳದ್ವು,
ಹಿಂಬದಿಗೆ ಒಂದ ವರ್ಷ ಉದ್ರಿ ಲೆಕ್ಕ ಬರದೇನಿ ನಾ.

ಕೇಳಲು ಹೋದೆ.
ಕಂಡಿಕೆ ಸುತ್ತುವ ಶೆಡ್ಡು. ಅಲ್ಲಿ ಮಾತು ಕೇಳುವುದಿಲ್ಲ, ತುಟಿ ಓದಬೇಕು.
ಮೊಬೈಲು ಹಿಡಿದೆ. ನೋಡಿದರು.
ಮುಗಿಯಿತು, ಮತ್ತೆ ಶುರುವಾಯಿತು. ನೋಡಿದರು.
ಮತ್ತೆ.
ನಾಲ್ಕನೆಯ ಸುತ್ತಿಗೆ ಕೇಳಿದರು: ಸಪ್ಪಳಿಲ್ಲೇನ ಇದಕ್ಕ?
ಇಲ್ರಿ. ಇದು ಬರೇ ಚಿತ್ರ.
ಆವತ್ತೂ ಸಪ್ಪಳಿದ್ದಿಲ್ಲ, ಅಂದರು.
ಅವರ ಮನಿಯಿಂದ ಒಂದ ಚೀಟಿ ಬಂತು, ಅಷ್ಟ.

ನೂಲು ಕಡಿಯಿತು. ನೋಡದೆಯೇ ಗಂಟು ಹಾಕಿದರು.

ನನ್ನ ಹೆಸರು ಇರ್ಲಿ ತಂಗಿ. ಒತ್ತು ಕೊಟ್ಟು ಸರಿ ಬರದಿ,
ಸಾಲ್ಯಾಗ ಮಾಸ್ತರೂ ಹಿಂಗ ಬರೀಲಿಲ್ಲ.
ತಾರೀಖ ತಗಿ.
ಆ ಹುಡುಗಂದೂ ತಗಿ, ಅವಗ ಮಕ್ಕಳದಾವು.

ಮತ್ತೆ ರೆಕಾರ್ಡು ಮಾಡಿದೆ, ರಾತ್ರಿ, ಕರೆಂಟು ಇರುವಾಗ.
ಬಣ್ಣ ಹದಿನಾರಕ್ಕಿಳಿಸಿ, ತೂಕ ಆರುನೂರು ಕೆಬಿಗೆ ತಂದು.
ಒಂದು ಕಡೆ ಬೆರಳು ತಪ್ಪಿ, ಅಳಿಸಿ, ತಿದ್ದಿದ್ದು ಹಾಗೇ ಉಳಿದಿದೆ.
ಕತ್ತರಿಸಬಹುದಿತ್ತು.

ಕೊನೆಗೆ ಕೇಳುತ್ತದೆ ಅದು:
ಈ ಜಿಫ್ ಎಷ್ಟು ಸಲ ತಿರುಗಬೇಕು?
ಸೊನ್ನೆ ಎಂದರೆ ನಿಲ್ಲದೆ. ಎಲ್ಲರೂ ಕೊಡುವುದು ಸೊನ್ನೆ.
ನಾಲ್ಕು ಎಂದು ಕೊಟ್ಟೆ.

ಈಗ ಎಲ್ಲಿಯೋ ಯಾರೋ ಪುಟ ತೆರೆದರೆ
ಕಸ ಏಳುತ್ತದೆ, ಕನ್ನಡವಾಗುತ್ತದೆ, ನಾಲ್ಕು ಸಲ.
ಆಮೇಲೆ ನಿಲ್ಲುತ್ತದೆ.
ದ್ರಾಕ್ಷಾಯಣಿ.
ಕೆಳಗಿನ ಸಾಲಿನಲ್ಲಿ
ಮುಂದಿನ ಆಜ್ಞೆಗೆ ಜಾಗ.