ಆರು, ಒಂದು

ಮೂವತ್ತೊಂದು ವರ್ಷ ಈ ಗುಡ್ಡದ ಲಿಫ್ಟಿನ
ಹಿಡಿಕೆ ತಿರುಗಿಸಿದವನು ನಾನು.
ವಾಲ್ಪರೈಸೊದ ಅರ್ಧ ಊರನ್ನು ಕೂತಲ್ಲೇ ಮೇಲೆತ್ತಿದೆ,
ನನ್ನ ಕಾಲುಗಳು ಕೂತಲ್ಲೇ ಸೋತವು.
ಈಗ ಲಿಫ್ಟಿಗೂ ಬೀಗ, ಬೀಗಕ್ಕೆ ತುಕ್ಕು,
ತುಕ್ಕಿನ ಮೇಲೊಂದು ನಗರಸಭೆಯ ಚೀಟಿ: ದುರಸ್ತಿಯಲ್ಲಿದೆ.
ನನ್ನ ಮಂಡಿಗೂ ಅದೇ ಚೀಟಿ ಅಂಟಿಸಬಹುದಿತ್ತು.

ಉಳಿದದ್ದು ಮೆಟ್ಟಿಲು, ನೂರ ಅರವತ್ತೆರಡು.
ಎಣಿಸಿದ್ದು ನಾನಲ್ಲ, ಪಕ್ಕದ ಮನೆಯ ಎದೆಲ್ಮಿರಾ,
ಇಪ್ಪತ್ತಕ್ಕೊಮ್ಮೆ ನಿಂತು, ಹಡಗು ನೋಡುವ ನೆಪದಲ್ಲಿ
ಉಸಿರು ಕೂಡಿಸಿಕೊಳ್ಳುವವಳು.
ನನ್ನೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷ.
ಅವಳ ಗಂಡನ ಡಾಮಿನೋ ಪೆಟ್ಟಿಗೆಯಿಂದ
ಒಂದು ಬಿಲ್ಲೆ ಕಾಣೆಯಾಗಿತ್ತು.
ಅವನ ಕೊನೆಯ ಆಟ ಆಡಿದವನು ನಾನು,
ಅಂದು ಗೆದ್ದವನೂ ನಾನೇ. ಸಾಕಲ್ಲ.

ಹೋದ ಜುಲೈ ಚಳಿಯಲ್ಲಿ ಅವಳು ಅಡುಗೆಮನೆಯಲ್ಲಿ ಬಿದ್ದಳು.
ಮೂಳೆ ಮುರಿಯಲಿಲ್ಲ. ಏಳಲಾಗಲಿಲ್ಲ, ಅಷ್ಟೆ.
ಅಷ್ಟೆ ಅನ್ನುವುದು ಸುಲಭ.
ಬೆಳಗಿನ ವಾರ್ತೆ ಮುಗಿದು, ಅಡುಗೆಯ ಕಾರ್ಯಕ್ರಮ ಮುಗಿದು,
ಸಿಲಿಂಡರ್ ಬಡಿಯುತ್ತ ಗ್ಯಾಸಿನ ಹುಡುಗ ಬರುವವರೆಗೆ
ತಣ್ಣನೆ ನೆಲಕ್ಕೆ ಕೆನ್ನೆ ಕೊಟ್ಟು
ಫ್ರಿಜ್ಜಿನ ಅಡಿಯ ಕತ್ತಲನ್ನೇ ನೋಡಿದಳಂತೆ.
ಅಲ್ಲಿ ಧೂಳು, ಒಂದು ಬೀನ್ಸ್ ಕಾಳು,
ಇನ್ನೊಂದೇನೋ ಬೆಳ್ಳಗೆ.

ಗುರುವಾರ ಗುರುವಾರ, ಅಗ್ನಿಶಾಮಕ ಠಾಣೆಯ ಹಿಂದಿನ ಹಾಲಿನಲ್ಲಿ
ನಯಾರೆತ್ ಎಂಬ ಹುಡುಗಿ, ನನ್ನ ಕೋಟಿಗಿಂತ ಚಿಕ್ಕ ವಯಸ್ಸಿನವಳು,
ಹದಿನಾಲ್ಕು ಮುದಿ ಜೀವಗಳನ್ನು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಿಸಿ
ಹೇಳುತ್ತಾಳೆ: ಕೈ ಎದೆಯ ಮೇಲೆ. ಎದ್ದು ನಿಲ್ಲಿ. ಕೂತುಕೊಳ್ಳಿ. ಮತ್ತೆ.
ಜೀವಮಾನವೆಲ್ಲ ಯೋಚಿಸದೆ ಮಾಡಿದ ಕೆಲಸ.
ಕೈ ಊರದೆ ಮಾಡಹೋದರೆ ತೊಡೆ ನಡುಗುತ್ತದೆ,
ಕದ್ದು ಸಿಕ್ಕಿಬಿದ್ದವನ ಹಾಗೆ.

ಭಾರಕ್ಕೆ ಮನೆಯಿಂದ ತಂದದ್ದೇ: ನನ್ನದು ಮರಳು ತುಂಬಿದ ಬಾಟಲಿ,
ಎದೆಲ್ಮಿರಾಳದು ಬೀನ್ಸ್ ಕಾಳಿನ ಎರಡು ಪೊಟ್ಟಣ.
ವಾರವೆಲ್ಲ ಎತ್ತಿ ಭಾನುವಾರ ಬೇಯಿಸುತ್ತಾಳೆ.
‘ಕಸರತ್ತು ಮಾಡಿದ ಕಾಳು, ಬೇಗ ಬೇಯುತ್ತದೆ’
ಎಂದಳು ಎಲ್ಲರಿಗೂ, ನನ್ನೊಬ್ಬನನ್ನು ಬಿಟ್ಟು.

ಸೆಪ್ಟೆಂಬರಿನಲ್ಲಿ ನಯಾರೆತ್ ಚಾಪೆ ಹಾಸಿದಳು:
ಇವತ್ತು ಬೀಳುವ ಪಾಠ.
ನಕ್ಕೆವು. ಅದು ನಮಗೆ ಬರುತ್ತದಮ್ಮ.
ಹಾಗಾದರೆ ಅದರ ಮುಂದಿನದು, ಎಂದಳು.
ಪಕ್ಕಕ್ಕೆ ಹೊರಳಿ, ಒಂದು. ಮೊಣಕೈ ಊರಿ, ಎರಡು.
ಅಂಬೆಗಾಲಿಗೆ ಬನ್ನಿ, ಮೂರು. ಕುರ್ಚಿಯವರೆಗೆ, ನಾಲ್ಕು.
ಅಂಗೈ ಕುರ್ಚಿಯ ಮೇಲೆ, ಐದು. ಗಟ್ಟಿ ಕಾಲು ಮುಂದೆ, ಆರು.
ಏಳು.
ಯಾರೂ ಏಳಲಿಲ್ಲ.
ಹದಿನಾಲ್ಕು ಜನ ಆರರಲ್ಲೇ ಮಂಡಿಯೂರಿ
ಪ್ಲಾಸ್ಟಿಕ್ ಕುರ್ಚಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದೆವು.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ.
ಗುರುವಾರ ಬಂತು, ಹೋಯಿತು, ಬಂತು.
ನರ್ಸು ನನ್ನ ಸಕ್ಕರೆಯ ಅಂಕಿ ನೋಡಿ
ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದಳು.
ರಾತ್ರಿ ಮೂರಕ್ಕೆ ಎಚ್ಚರವಾಗುವುದು ಯಾವಾಗ ನಿಂತಿತೋ
ಗೊತ್ತಿಲ್ಲ, ನಿದ್ದೆಯಲ್ಲಿದ್ದೆ.
ಒಂದು ಬೆಳಿಗ್ಗೆ ನಿಂತೇ ಕಾಲುಚೀಲ ಹಾಕಿಕೊಂಡೆ,
ಒಂಟಿ ಕಾಲಲ್ಲಿ, ಮೀನುಪೇಟೆಯ ಪೆಲಿಕನ್ನಿನ ಗತ್ತಿನಲ್ಲಿ.
ನೋಡಲು ಯಾರೂ ಇರಲಿಲ್ಲ.
ತೆಗೆದು ಇನ್ನೊಮ್ಮೆ ಹಾಕಿಕೊಂಡೆ.

ಎದೆಲ್ಮಿರಾ ಈಗ ನಲವತ್ತಕ್ಕೊಮ್ಮೆ ಹಡಗು ನೋಡುತ್ತಾಳೆ.

ನಿನ್ನೆ ಸಂಜೆ ನನ್ನ ಬಾಗಿಲು ತೆರೆದಿತ್ತು, ಒಳಗೆ ಬಂದಳು.
ಮೊಣಕೈಯೆಲ್ಲ ಧೂಳು, ಕೂದಲಲ್ಲಿ ಜೇಡರ ಬಲೆ.
ಬೇಕೆಂದೇ ಮಲಗಿದೆ, ಎಂದಳು, ನೆಲದ ಮೇಲೆ.
ಪೊರಕೆಯ ಹಿಡಿಯಿಂದ ಎಳೆದುಕೊಂಡೆ. ಆಮೇಲೆ ಎದ್ದೆ.
ಯಾರನ್ನೂ ಕೂಗದೆ ಎದ್ದೆ, ಅಬೆಲಾರ್ದೋ.
ಹನ್ನೊಂದು ವರ್ಷದ ಮೇಲೆ ನನ್ನ ಹೆಸರು.

ಅಂಗೈ ಬಿಚ್ಚಿದಳು. ಹಳದಿಗಟ್ಟಿದ ಬಿಲ್ಲೆ.
ಒಂದು ಮನೆಯಲ್ಲಿ ಆರು ಚುಕ್ಕಿ, ಇನ್ನೊಂದರಲ್ಲಿ ಒಂದು.
ಕ್ಷಮೆ ಕೇಳಲಿಲ್ಲ, ಕೇಳುವವಳೂ ಅಲ್ಲ.
ನಾನು ಕುರ್ಚಿಯಲ್ಲಿದ್ದೆ.
ಎಣಿಸಿಕೋ, ಎಂದಳು.
ಎಣಿಸಿದೆ.
ಕೈ ಎದೆಯ ಮೇಲಿಟ್ಟುಕೊಂಡು
ಎದ್ದು ನಿಂತೆ.