ಎಲ್ಲಿಯ ನಾಲ್ಕು ಗಂಟೆ

ದಕ್ಕೆಯ ಐಸ್ ಫ್ಯಾಕ್ಟರಿಯ ಲೆಕ್ಕಕ್ಕೆ
ಬಾಡಿಗೆಗೆ ಹಿಡಿದ ಮಿಶನ್ನಿಗೆ ನಾನು ಹೇಳಿಟ್ಟದ್ದು ಇಷ್ಟೆ:
ಸೋಮವಾರದಿಂದ ಶನಿವಾರ, ಬೆಳಗಿನ ಜಾವ ನಾಲ್ಕಕ್ಕೆ,
ನೂರ ಹನ್ನೆರಡು ಫೋನಿಗೆ ಒಂದೇ ಸಾಲು:
'ಐಸ್ ಒಡೆದಾಯ್ತು, ಬನ್ನಿ.'

ಹೋದದ್ದು ಒಂಬತ್ತೂವರೆಗೆ.
ಅಷ್ಟು ಹೊತ್ತಿಗೆ ಬಂಗುಡೆ ಕಂಕನಾಡಿ ದಾಟಿ
ಯಾರದೋ ಸಾರಿನಲ್ಲಿ ಕುದಿಯುತ್ತಿತ್ತು.
ಅಶ್ಫಾಕ್ ಟೆಂಪೊದಿಂದ ತಲೆ ಹೊರಹಾಕಿ,
'ಎಂತ ಮಾರಾಯ, ನಿನ್ನ ಮಿಶನ್ ಈಗ ಹಲ್ಲುಜ್ಜುವುದಾ?'

ಗೋಡೆಯ ಗಡಿಯಾರ ನೋಡಿದೆ, ಸರಿ ಉಂಟು.
ಬರೆದ ಸಾಲು ನೋಡಿದೆ, ಸರಿ ಉಂಟು.
ಸಿಮ್ಮಿನಲ್ಲಿ ದುಡ್ಡು ಉಂಟು, ಕರೆಂಟು ಹೋಗಿರಲಿಲ್ಲ.
ಎರಡು ರಾತ್ರಿ ಲಾಗ್ ಬಿಚ್ಚಿಕೊಂಡು ಕೂತೆ,
ಅಮೋನಿಯಾ ಘಾಟಿಗೆ ಕಣ್ಣೊರೆಸುತ್ತ,
ಬಲೆಯ ಹರಕು ಹುಡುಕುವವರ ಹಾಗೆ
ಒಂದೊಂದೇ ಕಣ್ಣು ಬೆರಳಲ್ಲಿ ದಾಟಿಸುತ್ತ.
ತಪ್ಪು ಎಂಬುದೇ ಇಲ್ಲ. ಪ್ರತಿ ದಿನದ ಎದುರಿಗೂ
'ನಾಲ್ಕು ಗಂಟೆ, ಸೊನ್ನೆ ನಿಮಿಷ, ಯಶಸ್ವಿ.'

ಮೂರನೆಯ ರಾತ್ರಿ ಹೊಳೆಯಿತು.
ಎಲ್ಲಿಯ ನಾಲ್ಕು?
ಅದು ಬದುಕುವುದು ದಕ್ಕೆಯ ಹೊತ್ತಿನಲ್ಲಿ ಅಲ್ಲ,
ಬೇರೆಯೇ ಒಂದು ಹೊತ್ತಿನಲ್ಲಿ.
ನಮಗೂ ಅದಕ್ಕೂ ನಡುವೆ ಐದೂವರೆ ಗಂಟೆ.
ಐದಾದರೆ ಐದು, ಆರಾದರೆ ಆರು;
ಈ ಅರ್ಧ ಮಾತ್ರ, ತೂಕ ಮುಗಿದ ಮೇಲೆ
ಕೊಸರು ಹಾಕುವ ಎರಡು ಬೂತಾಯಿಯ ಹಾಗೆ.

ಕಳೆದೆ. ನಾಲ್ಕರಲ್ಲಿ ಐದೂವರೆ ಹೋದರೆ
ಕೈಗೆ ಉಳಿಯುವುದು ನಿನ್ನೆ ರಾತ್ರಿ ಹತ್ತೂವರೆ.
ಬರೆದೆ. ಗುರುವಾರ ಸರಿಯಾಗಿ ನಾಲ್ಕಕ್ಕೆ
ಬಂದರಿನ ಸೆರಗುಗಳೊಳಗೆಲ್ಲ ಗುಂಯ್ ಅಂದಿತು.
ಶುಕ್ರವಾರ ಕೂಡ, ಶನಿವಾರ ಕೂಡ.
ಅಶ್ಫಾಕ್ ಚಹಾ ಕುಡಿಸಿದ.

ಗಂಟೆಯನ್ನು ಹಿಂದೆ ದೂಡಿದರೆ
ಅದು ವಾರದ ಬಾಲವನ್ನೂ ಹಿಡಿದು ಎಳೆಯುತ್ತದೆ.
ನನಗೆ ನೆನಪಾಗಲಿಲ್ಲ.
ಭಾನುವಾರ ನಾಲ್ಕು ಇಪ್ಪತ್ತಕ್ಕೆ ಫೋನು: 'ಬೀಗ ತೆಗಿ ಬಾ.'
ಬೋಳಾರದಿಂದ ಸ್ಕೂಟರ್ ಓಡಿಸಿಕೊಂಡು ಹೋದರೆ
ಶಟರಿನ ಮುಂದೆ ಜಲಜಾ ಮೆಂಡನ್,
ನೀಲಿ ಬುಟ್ಟಿ, ಕಂಕುಳಲ್ಲಿ ಕೊಡೆ, ಒಬ್ಬರೇ.
ಉಳಿದ ನೂರ ಹನ್ನೊಂದು ಮಂದಿ
ಮೆಸೇಜು ನೋಡಿ ಮಗ್ಗುಲು ಬದಲಿಸಿದ್ದರು.

'ಜಲಜಕ್ಕಾ, ಇವತ್ತು ಭಾನುವಾರ, ರಜೆ.
ತಪ್ಪು ನನ್ನದು.'
ಅವರು ಬಾವುಟಗುಡ್ಡೆಯ ಕಡೆ ಕತ್ತೆತ್ತಿದರು. ಕಪ್ಪು.
'ಎಂತ ಭಾನುವಾರ? ಸೂರ್ಯನೇ ಬರಲಿಲ್ಲ ಇನ್ನು.
ಬೆಳಕು ಹರಿಯುವ ತನಕ ಶನಿವಾರವೇ ಮಗಾ,
ಪಂಚಾಂಗದಲ್ಲಿ ನೋಡು.'

ಎಲ್ಲೋ ಒಂದು ತಣ್ಣಗಿನ ಕೋಣೆಯಲ್ಲಿ
ಮಿಶನ್ನೂ ಅದನ್ನೇ ಬರೆದಿಟ್ಟಿತ್ತು:
ಶನಿವಾರ, ಯಶಸ್ವಿ.

ಎರಡು ಸಾಕ್ಷಿಯ ಎದುರು ನಾನೊಬ್ಬ ಎಂತ ವಾದ ಮಾಡಲಿ?
ಶಟರ್ ಎತ್ತಿದೆ. ಒಂದು ಬ್ಲಾಕು ಎಳೆದು
ಕೊಡಲಿಯ ಹಿಂಬದಿಯಲ್ಲಿ ಒಡೆದು ಕೊಟ್ಟೆ.
ಇವತ್ತು ಮೀನು ಎಲ್ಲಿಂದ ಎಂದು ಕೇಳಲಿಲ್ಲ.

ಆಮೇಲೆ ಕೂತು, 'ಒಂದರಿಂದ ಆರು' ಅಳಿಸಿ
'ಸೊನ್ನೆಯಿಂದ ಐದು' ಎಂದು ತಿದ್ದಿದೆ.
ಬೆರಳು ಮರಗಟ್ಟಿತ್ತು, ಎರಡು ಸಲ ತಪ್ಪಿತು.
ತಲೆ ಎತ್ತುವಾಗ ಬೆಂಗ್ರೆಯ ಕಡೆ ನೀರು ಬೆಳ್ಳಗಾಗಿತ್ತು.
ಈಗ ಮೂವರ ಲೆಕ್ಕಕ್ಕೂ ಭಾನುವಾರ.
ಜಲಜಕ್ಕನ ಕೊಡೆ ಮಾತ್ರ
ಬಾಗಿಲ ಮೂಲೆಯಲ್ಲೇ ಉಳಿದಿತ್ತು.