ಚಳಿ ತಾಲೀಮು

ಉತ್ತರ ಧ್ರುವದ ಬೆಳಕು ನೋಡಬೇಕೆಂದು ತೀರ್ಮಾನವಾದದ್ದು
ಡ್ಯೂಟಿ ಮುಗಿಸಿ ನರ್ಗೀಸ್ ಮಂಡಕ್ಕಿ ತಿನ್ನುವಾಗ.
ಜಬೀನಾ ಪೊಟ್ಟಣದ ಕಾಗದ ಬಿಡಿಸಿ, ಎಣ್ಣೆ ಒರೆಸಿ,
ಚಿತ್ರ ತೋರಿಸಿದಳು:
ಹಿಮದ ಮೇಲೊಂದು ಮನೆ, ಮನೆಯ ಮೇಲೆ ಹಸಿರು.
'ಹೋಗಾಣೇನೇ?'
ಮೂವತ್ತೊಂದು ವರ್ಷ ಒಂದೇ ಎಕ್ಸ್‌ರೇ ಕೋಣೆಯಲ್ಲಿ ದುಡಿದವರು
ಇಂಥ ಮಾತಿಗೆ ಉತ್ತರ ಹುಡುಕಬೇಕಾಗಿಲ್ಲ.
'ಹೂಂ' ಅಂದೆ. ಖಾರಕ್ಕೋ ಏನೋ, ಕಣ್ಣಲ್ಲಿ ನೀರಿತ್ತು.

ಈಗೆಲ್ಲ ಕಂಪ್ಯೂಟರ್.
ಆಗ ಕೆಂಪು ದೀಪದಡಿ, ತೊಟ್ಟಿಯ ದ್ರಾವಣದಲ್ಲಿ
ಫಿಲ್ಮು ಅಲ್ಲಾಡಿಸುತ್ತ ನಿಂತರೆ
ಮೊದಲು ಏನೂ ಇಲ್ಲ. ಆಮೇಲೂ ಏನೂ ಇಲ್ಲ.
ಆಮೇಲೆ ಸುತ್ತಲೂ ಕಪ್ಪಾಗಿ, ನಡುವೆ
ಯಾರದೋ ಪಕ್ಕೆಲುಬು
ಉತ್ತ ಹೊಲದ ಸಾಲಿನ ಹಾಗೆ ಬೆಳ್ಳಗೆ ಉಳಿಯುತ್ತಿತ್ತು.
ಕತ್ತಲಲ್ಲಿ ಕಾಯುವುದು ನಮಗೆ ಬರುತ್ತದೆ.
ಬಾರದ್ದು ಚಳಿ.

ದಾವಣಗೆರೆಯ ಚಳಿ ಎಷ್ಟರದು?
ಸಂಕ್ರಾಂತಿಯ ಮುಂಜಾನೆ ಕುಂದವಾಡ ಕೆರೆ ಏರಿಯ ಮೇಲೆ
ಒಂದು ಮಫ್ಲರ್, ಎರಡು ಸೀನು.
ಅಲ್ಲಿ ಸೊನ್ನೆಯಿಂದ ಕೆಳಗೆ ಹದಿನೆಂಟಂತೆ.
ಸೊನ್ನೆಯಿಂದ ಕೆಳಗೆ ನಾವು ಕಂಡದ್ದು
ಮನೆ ಸಾಲದ ಪಾಸ್‌ಬುಕ್ಕು ಮಾತ್ರ.

ಅದಕ್ಕೇ ಭಾನುವಾರ ರಾತ್ರಿ
ಎ.ಪಿ.ಎಂ.ಸಿ. ಹಿಂದಿನ ಶೈತ್ಯಾಗಾರಕ್ಕೆ ಹೋದೆವು.
ಕೊಟ್ರೇಶಪ್ಪನವರ ಮುರಿದ ಮಣಿಕಟ್ಟಿನ ಚಿತ್ರ ತೆಗೆದವಳು ನಾನು;
ಆ ಋಣಕ್ಕೆ ಒಂದು ತಾಸು ಬಾಗಿಲು ತೆರೆಸಿದರು.
ನನಗೆ ಚಳ್ಳಕೆರೆಯ ಕರಿ ಕಂಬಳಿ,
ಜಬೀನಾಳಿಗೆ ಅಳಿಯನ ಬೈಕ್ ಜಾಕೆಟ್ಟು,
ಇಬ್ಬರಿಗೂ ಮೂರು ಮೂರು ಜೊತೆ ಕಾಲುಚೀಲ.
ಕಾವಲಿನ ಓಬಳೇಶ ಕೇಳಿದ,
'ಯಾವ ಸಾಮಾನು ಇಡಾಕೆ ಬಂದ್ರಿ ಮೇಡಂ?'
'ನಮ್ಮನ್ನೇ' ಅಂದಳು ಜಬೀನಾ.

ಒಳಗೆ ಬ್ಯಾಡಗಿ ಮೆಣಸಿನಕಾಯಿ ಚೀಲ, ಸೂರು ಮುಟ್ಟುವಷ್ಟು.
ನಾಲ್ಕು ಡಿಗ್ರಿ.
ಚೀಲದ ಮೇಲೆ ಕೂತು ಲೆಕ್ಕ ಬರೆದೆವು:
ಟ್ರೊಮ್ಸೊ ಊರಿಗೆ ಮೂರು ವಿಮಾನ. ಗಳಿಕೆ ರಜೆ ಹನ್ನೆರಡು ದಿನ.
ನನ್ನ ಚೀಟಿ ನವೆಂಬರಿಗೆ; ಅವಳವು ಎರಡು ಬಳೆ.
ವೀಸಾಕ್ಕೆ ಕಾರಣ ಕೇಳುತ್ತಾರಂತೆ.
'ಬೆಳಕು ನೋಡಲು' ಎಂದು ಬರೆದರೆ ನಂಬುತ್ತಾರೆಯೇ?
ಕಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಸರಿ,
ಆದರೆ ಮೋಡ ಬಂದರೆ?
ಐದು ರಾತ್ರಿಯೂ ಮೋಡವೇ ಬಂದರೆ?
ಪೆನ್ನು ಅಲ್ಲಿಗೆ ನಿಂತಿತು. ಚಳಿಗೆ ಇರಬೇಕು.
ಇಪ್ಪತ್ತನೇ ನಿಮಿಷಕ್ಕೆ ಬೆರಳು ನನ್ನವಲ್ಲ.
ಸೀನು ನಿಲ್ಲದು; ಖಾರದ್ದೋ ಥಂಡಿಯದೋ ತಿಳಿಯದು.

ಆಗ ಕರೆಂಟು ಹೋಯಿತು.

ಅಂಥ ಕತ್ತಲೆ ನಾವು ಕಂಡು ಬಹಳ ವರ್ಷವಾಗಿತ್ತು.
ಮಾತಾಡಲಿಲ್ಲ. ಅಭ್ಯಾಸ.
ಓಬಳೇಶ ಬಾಗಿಲು ಸರಿಸಿ ಬ್ಯಾಟರಿ ಬಿಟ್ಟ.
ಇಳಿಬಿಟ್ಟ ಹಸಿರು ಪ್ಲಾಸ್ಟಿಕ್ ಪಟ್ಟಿಗಳು
ಒಳಗಿನ ಥಂಡಿ ಹೊರಗೋಡುವ ರಭಸಕ್ಕೆ ತೂಗಿ,
ಬೆಳಕು ಮಡಿಕೆ ಮಡಿಕೆಯಾಗಿ ಹರಿದು
ಚೀಲಗಳ ಮೇಲೆ, ಸೂರಿನ ಮೇಲೆ, ಅವಳ ಮುಖದ ಮೇಲೆ
ಹಸಿರು. ನಡುಗುವ ಹಸಿರು.

'ನೋಡೇ' ಅಂದೆ, 'ಬಂತು. ಖರ್ಚಿಲ್ದಂಗೆ.'

ಜಬೀನಾ ನೋಡಿದಳು. ಚೆನ್ನಾಗಿಯೇ ನೋಡಿದಳು,
ಎಲುಬಿನಲ್ಲಿ ಕೂದಲೆಳೆಯ ಬಿರುಕು ಹುಡುಕುವ ಕಣ್ಣಲ್ಲಿ.
'ಇದು ಪ್ಲಾಸ್ಟಿಕ್ಕು' ಅಂದಳು.
'ಇದಕ್ಕೆಲ್ಲ ಸಮಾಧಾನ ಆಗಬ್ಯಾಡ.
ಬರಿ: ಕೈಗವಸು, ಎರಡು ಜೊತೆ.
ಮೋಡ ಬಂದ್ರೆ, ಇನ್ನೊಂದು ರಾತ್ರಿ.'

ಪೆನ್ನನ್ನು ಬಾಯಿಂದ ಊದಿ ಬಿಸಿ ಮಾಡಿ
ಓಬಳೇಶನ ಬ್ಯಾಟರಿ ಬೆಳಕಿಗೆ ಬರೆದೆ.
ಅಕ್ಷರ ಸೊಟ್ಟಗಿವೆ.
ಓದಲಿಕ್ಕೆ ಬರುತ್ತವೆ.